ಉಷ್ಣವಲಯದ ದ್ವೀಪಕ್ಕೇ ಯಾಕೆ ಹೋಗಬೇಕು? ಬೀಚು ಎಲ್ಲ ಕಡೆಯೂ ಇದೆಯಲ್ಲ!

ಮರಳುಗಡಿಯಾರ:

ನಾಲ್ಕು ಜನ, ಎಂಟು ದಿನದ ರಜೆ. ಇಬ್ಬರಿಗೆ ಈಜು ಬರುವುದಿಲ್ಲ. ದ್ವೀಪ ಅಂತ ಹುಡುಕಿದರೆ ಸಿಗುವುದೆಲ್ಲ ಅದೇ ತೆಂಗಿನ ಮರ, ಅದೇ ನೀಲಿ ನೀರು, ಅದೇ "ಮನಸ್ಸಿಗೆ ನೆಮ್ಮದಿ". ನೆಮ್ಮದಿ ಬೆಟ್ಟದ ಮೇಲೂ ಸಿಗುತ್ತದೆ, ಮರಳು ಯಾವ ಕಡಲತೀರದಲ್ಲಾದರೂ ಬಿದ್ದಿರುತ್ತದೆ. ಬೇರೆಲ್ಲೂ ಸಿಗದೆ ಅಲ್ಲಿ ಮಾತ್ರ ಸಿಗುವಂಥದ್ದು ಏನು? ಬ್ರೋಷರ್ ಭಾಷೆ ಬಿಟ್ಟು ಹೇಳಿ.

ಇನ್ನೊಂದು ಪ್ರಶ್ನೆ. ಒಂದೇ ದ್ವೀಪದ ಬಗ್ಗೆ ಒಬ್ಬರು ಸ್ವರ್ಗ ಅಂತಾರೆ, ಮತ್ತೊಬ್ಬರು ವಾರವಿಡೀ ಮಳೆ, ದುಡ್ಡು ದಂಡ ಅಂತಾರೆ. ಇದು ಹೇಗೆ?

ಹವಳಗಣ್ಣು:

ಮೊದಲ ಪ್ರಶ್ನೆಗೆ ಉತ್ತರ ಮರಳಲ್ಲಿಲ್ಲ, ನೀರಲ್ಲಿದೆ. ದೊಡ್ಡ ಭೂಭಾಗದ ತೀರಕ್ಕೆ ನದಿಗಳು ಬಂದು ಸೇರುತ್ತವೆ, ಹೂಳು ತರುತ್ತವೆ. ಹವಳಕ್ಕೆ ಹೂಳೂ ಆಗದು, ಸಿಹಿನೀರೂ ಆಗದು. ಹವಳ ಅಂದರೆ ಪುಟ್ಟ ಪ್ರಾಣಿ; ಅದರ ಜೀವಕೋಶದೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ, ಆ ಪಾಚಿ ಬಿಸಿಲಿನಿಂದ ಮಾಡುವ ಆಹಾರದಲ್ಲೇ ಹವಳದ ಸಂಸಾರ ನಡೆಯುವುದು. ನೀರು ಕದಡಿದ್ದರೆ ಬಿಸಿಲು ಇಳಿಯುವುದಿಲ್ಲ. ಸಣ್ಣ ದ್ವೀಪದಲ್ಲಿ ಹೇಳಿಕೊಳ್ಳುವಂಥ ನದಿಯೇ ಇರುವುದಿಲ್ಲ, ಹಾಗಾಗಿ ನೀರು ತಿಳಿ. ಒಳ್ಳೆಯ ದಿನ ಇಪ್ಪತ್ತು ಮೀಟರ್ ಆಚೆಯ ಮೀನೂ ಕಾಣುತ್ತದೆ.

ಹವಳಗಳ ಕಲ್ಲುಗೂಡು ಬೆಳೆಯುತ್ತ ದಿಬ್ಬವಾಗುತ್ತದೆ (ರೀಫ್). ಆ ಹವಳದ ದಿಬ್ಬ ತೀರದಿಂದ ಆಚೆ ಗೋಡೆಯ ಹಾಗೆ ನಿಂತು ಅಲೆಯ ಶಕ್ತಿಯ ಬಹುಪಾಲನ್ನು ಅಲ್ಲೇ ಮುರಿದು ಹಾಕುತ್ತದೆ. ಗೋಡೆಯ ಆಚೆ ಬಿಳಿ ನೊರೆ, ಈಚೆ ಸೊಂಟದುದ್ದದ ಅಲುಗದ ನೀರು. ಇದಕ್ಕೆ ಲಗೂನ್ ಅನ್ನುತ್ತಾರೆ. ಈಜು ಬಾರದ ಇಬ್ಬರಿದ್ದಾರೆ ಅಂದಿರಲ್ಲ, ದ್ವೀಪಕ್ಕೆ ಹೋಗಲು ನಿಮಗಿರುವ ದೊಡ್ಡ ಕಾರಣ ಅವರೇ. ಬೇರೆ ಕಡಲತೀರದಲ್ಲಿ ಅವರು ದಡದಲ್ಲಿ ಚಪ್ಪಲಿ ಕಾಯಬೇಕು. ಇಲ್ಲಿ ಮಾಸ್ಕ್ ತೊಟ್ಟು ಮುಖ ಅದ್ದಿದರೆ ಅವರ ಮುಖದಿಂದ ಮೂರಡಿ ಕೆಳಗೇ ಮೀನು ಓಡಾಡುತ್ತಿರುತ್ತದೆ.

ಇನ್ನು ನೀರಿನ ಬಿಸುಪು. ಹೆಚ್ಚಿನ ಕಡೆ ವರ್ಷಪೂರ್ತಿ ಸುಮಾರು 26ರಿಂದ 29 ಡಿಗ್ರಿ. ನೀರು ಮೈಯ ಶಾಖವನ್ನು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಎಳೆದುಕೊಳ್ಳುತ್ತದೆ. ಹಾಗಾಗಿ 22 ಡಿಗ್ರಿಯ ನೀರಲ್ಲಿ ಅಲುಗಾಡದೆ ತೇಲುವವರಿಗೆ ಅರ್ಧ ಗಂಟೆಯಲ್ಲಿ ನಡುಕ ಶುರುವಾಗಬಹುದು, 28ರಲ್ಲಿ ಗಂಟೆಗಟ್ಟಲೆ ಇರಬಹುದು. ಆದರೆ ಸಮಭಾಜಕದ ಮೇಲಿದ್ದ ಮಾತ್ರಕ್ಕೆ ನೀರು ಬೆಚ್ಚಗಿರುತ್ತದೆ ಅಂದುಕೊಳ್ಳಬೇಡಿ. ದಕ್ಷಿಣ ಅಮೆರಿಕದ ಪಶ್ಚಿಮಕ್ಕಿರುವ ಗಲಾಪಗೋಸ್ ಸಮಭಾಜಕದ ಮೇಲೇ ಇದೆ, ಆದರೆ ಹಂಬೋಲ್ಟ್ ಶೀತ ಪ್ರವಾಹ ತಾಗುವುದರಿಂದ ವರ್ಷದ ದ್ವಿತೀಯಾರ್ಧದಲ್ಲಿ ಅಲ್ಲಿ ವೆಟ್‌ಸೂಟ್ (ಮೈ ಬೆಚ್ಚಗಿಡುವ ರಬ್ಬರಿನಂಥ ಉಡುಪು) ಇಲ್ಲದೆ ನೀರಿಗಿಳಿಯುವುದು ಕಷ್ಟ.

ದ್ವೀಪ ಅಂದರೆ ಎಲ್ಲ ಒಂದೇ ಅಲ್ಲ, ಜಾತಿ ನೋಡಿ ಆರಿಸಿ. ಜ್ವಾಲಾಮುಖಿ ದ್ವೀಪದಲ್ಲಿ ಬೆಟ್ಟ, ಕಾಡು, ಜಲಪಾತ ಇರುತ್ತದೆ. ಕೆಲವು ಕಡೆ ಮರಳೂ ಕಪ್ಪು, ಲಾವಾ ಒಡೆದು ಆದದ್ದು. ಬೆಟ್ಟ ನಿಧಾನವಾಗಿ ಕುಸಿಯುತ್ತ ಹೋದರೆ ಸುತ್ತಲಿನ ಹವಳ ಮಾತ್ರ ಮೇಲಕ್ಕೆ ಬೆಳೆಯುತ್ತ ಇರುತ್ತದೆ, ಕೊನೆಗೆ ಬೆಟ್ಟ ಮುಳುಗಿ ಉಂಗುರ ಉಳಿಯುತ್ತದೆ. ಅದೇ ಅಟಾಲ್. ಇದನ್ನು ಡಾರ್ವಿನ್ 1842ರಲ್ಲೇ ಬರೆದಿಟ್ಟ. ಪೆಸಿಫಿಕ್‌ನ ಬೋರಾ ಬೋರಾ ಈ ಕಥೆಯ ನಡುಘಟ್ಟದಲ್ಲಿದೆ: ನಡುವೆ ಬೆಟ್ಟ ಇನ್ನೂ ಇದೆ, ಸುತ್ತ ಉಂಗುರವೂ ಆಗಿದೆ. ಮಾಲ್ಡೀವ್ಸ್ ಕೊನೆಯ ಘಟ್ಟ. ಅಲ್ಲಿ ಎಲ್ಲಕ್ಕಿಂತ ಎತ್ತರದ ನೈಸರ್ಗಿಕ ನೆಲವೇ ಎರಡೂವರೆ ಮೀಟರ್ ದಾಟುವುದಿಲ್ಲ. ಅಂಥ ಕಡೆ ನೀರಿಗಿಳಿಯದವರಿಗೆ ಎರಡನೇ ದಿನಕ್ಕೇ ಬೇಜಾರು ಬರುತ್ತದೆ, ನಡೆಯಲಿಕ್ಕೂ ಜಾಗವಿಲ್ಲ. ಸೆಶೆಲ್ಸ್‌ನ ಮಾಹೆ, ಪ್ರಾಲಿನ್ ಬೇರೆಯೇ ಜಾತಿ, ಗ್ರಾನೈಟಿನವು. ಪ್ರಾಲಿನ್ನಿನ ವಾಲೆ ದ ಮೇ ಕಾಡಿನಲ್ಲಿ ಬೆಳೆಯುವ ಕೊಕೊ ದ ಮೇರ್ ತಾಳೆಯದು ಜಗತ್ತಿನ ಅತಿ ಭಾರದ ಬೀಜ, ಇಪ್ಪತ್ತೈದು ಕಿಲೋವರೆಗೂ ತೂಗುತ್ತದೆ. ಅದು ತಾನಾಗಿ ಬೆಳೆಯುವುದು ಸೆಶೆಲ್ಸ್‌ನಲ್ಲಿ ಮಾತ್ರ. ಸುತ್ತ ಸಮುದ್ರ ಇದ್ದು ಲಕ್ಷಾಂತರ ವರ್ಷ ಬೇರೆಯಾಗಿ ಬೆಳೆದ ಜೀವಗಳನ್ನು ನೋಡುವುದೂ ದ್ವೀಪಕ್ಕೆ ಹೋಗಲು ಒಂದು ಕಾರಣವೇ.

ಬಿಳಿ ಮರಳಿನ ಗುಟ್ಟು ಗೊತ್ತಾ? ಅದರಲ್ಲಿ ಬಹಳಷ್ಟು ಗಿಳಿಮೀನಿನ ಹಿಕ್ಕೆ. ಹವಳದ ಕಲ್ಲನ್ನು ಗಿಳಿಕೊಕ್ಕಿನಂಥ ಹಲ್ಲಿನಿಂದ ಕೆರೆದು ತಿಂದು ಪುಡಿಯಾಗಿ ಹೊರಹಾಕುತ್ತದೆ. ನೀರಿನೊಳಗೆ ತಲೆಯಿಟ್ಟು ಸುಮ್ಮನಿದ್ದರೆ ಆ ಕಟಕಟ ಸದ್ದು ಕಿವಿಗೇ ಕೇಳಿಸುತ್ತದೆ.

ಗಾಳಿಮರೆ:

ಎರಡನೇ ಪ್ರಶ್ನೆ ನನಗಿರಲಿ. ಸ್ವರ್ಗ ಅಂದವರೂ ದಂಡ ಅಂದವರೂ ಇಬ್ಬರೂ ನಿಜವನ್ನೇ ಹೇಳಿದ್ದಾರೆ. ಒಂದೋ ಹೋದ ತಿಂಗಳು ಬೇರೆ, ಇಲ್ಲವೇ ಉಳಿದ ದಿಕ್ಕು ಬೇರೆ.

ದಿಕ್ಕು ಮೊದಲು ನೋಡೋಣ, ಯಾಕೆಂದರೆ ಬುಕಿಂಗ್ ಮಾಡುವವರು ಅದನ್ನು ನೋಡುವುದೇ ಇಲ್ಲ. ಉಷ್ಣವಲಯದಲ್ಲಿ ವಾಣಿಜ್ಯ ಮಾರುತಗಳು ಹೆಚ್ಚಾಗಿ ಪೂರ್ವದ ಕಡೆಯಿಂದ ಬೀಸುತ್ತವೆ. ಎತ್ತರದ ದ್ವೀಪವಾದರೆ ಗಾಳಿಗೆ ಎದೆಕೊಟ್ಟ ಬದಿಯಲ್ಲಿ ಮೋಡ ಬೆಟ್ಟ ಹತ್ತಿ ಮಳೆ ಸುರಿಸುತ್ತದೆ, ಬೆನ್ನಿನ ಬದಿ ಮಳೆನೆರಳು. ಹವಾಯಿಯ ದೊಡ್ಡ ದ್ವೀಪದಲ್ಲಿ ಪೂರ್ವದ ಹಿಲೋಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅದೇ ದ್ವೀಪದ ಪಶ್ಚಿಮದ ಕವಾಯ್‌ಹಾಯ್‌ಗೆ ಸುಮಾರು 250. ನೇರ ದೂರ ನೂರು ಕಿಲೋಮೀಟರೂ ಇಲ್ಲ! ಬಾರ್ಬಡೋಸ್‌ನಲ್ಲೂ ಇದೇ ಲೆಕ್ಕ: ಪೂರ್ವ ತೀರದಲ್ಲಿ ಅಲೆ ಬಂಡೆಗೆ ಬಡಿಯುತ್ತಿದ್ದರೆ ಪಶ್ಚಿಮ ತೀರ ಕೆರೆಯ ಹಾಗಿರುತ್ತದೆ. ಕಡಲು ಶಾಂತವಾಗಿರಬೇಕೆಂದರೆ ಗಾಳಿಮರೆಯ ಬದಿಯಲ್ಲಿ ಕೋಣೆ ಹಿಡಿಯಿರಿ. ಹಸಿರು, ಜಲಪಾತ ಬೇಕಾದರೆ ಎದುರು ಬದಿಗೆ ಒಂದು ದಿನ ಹೋಗಿಬನ್ನಿ. ತಗ್ಗಾದ ಅಟಾಲ್‌ಗೆ ಮಾತ್ರ ಈ ಲೆಕ್ಕ ಅನ್ವಯಿಸುವುದಿಲ್ಲ, ಮೋಡ ತಡೆಯಲು ಅಲ್ಲಿ ಬೆಟ್ಟವೇ ಇಲ್ಲ.

ಕೆರಿಬಿಯನ್‌ನಲ್ಲಿ ಪೂರ್ವ ತೀರಕ್ಕೆ ಇನ್ನೊಂದು ಕಾಟವಿದೆ. 2011ರಿಂದೀಚೆಗೆ ಸರ್ಗಾಸಮ್ ಎಂಬ ಕಂದು ಕಡಲಕಳೆ ರಾಶಿರಾಶಿಯಾಗಿ ಬಂದು ಬೀಳುತ್ತಿದೆ, ಬೇಸಿಗೆಯ ತಿಂಗಳುಗಳಲ್ಲಿ ಹೆಚ್ಚು. ಕೊಳೆತರೆ ಕೆಟ್ಟ ಮೊಟ್ಟೆಯ ನಾತ.

ಈಗ ತಿಂಗಳು. ದೇಶದ ಹೆಸರು ನೋಡಿ ಹವಾಮಾನ ತೀರ್ಮಾನಿಸಬೇಡಿ. ಒಂದೇ ಥಾಯ್ಲೆಂಡಿನ ಫುಕೆಟ್‌ಗೆ ಮಳೆ ಮೇಯಿಂದ ಅಕ್ಟೋಬರ್. ಇನ್ನೊಂದು ಬದಿಯ ಕೊ ಸಮುಯ್‌ಗೆ ಜೋರು ಮಳೆ ಅಕ್ಟೋಬರಿನಿಂದ ಡಿಸೆಂಬರ್. ನವೆಂಬರಿನಲ್ಲಿ ಸಮುಯ್‌ಗೆ ಹೋಗಿ ಥಾಯ್ಲೆಂಡನ್ನೇ ಬೈಯುವವರು ಬಹಳ. ಬಾಲಿಗೆ ಒಣಕಾಲ ಏಪ್ರಿಲ್‌ನಿಂದ ಅಕ್ಟೋಬರ್. ಮಾಲ್ಡೀವ್ಸ್‌ಗೆ ಜನವರಿಯಿಂದ ಏಪ್ರಿಲ್ ಸಲೀಸು.

ಚಂಡಮಾರುತದ ಲೆಕ್ಕ ಬೇರೆ. ಅಟ್ಲಾಂಟಿಕ್ ಕಡೆ ಜೂನ್ 1ರಿಂದ ನವೆಂಬರ್ 30, ಅದರಲ್ಲೂ ಸೆಪ್ಟೆಂಬರ್ ನಡುಭಾಗದ ಆಚೀಚೆ ಜಾಸ್ತಿ. ಮಾರಿಷಸ್, ಫಿಜಿ ಕಡೆ ನವೆಂಬರಿನಿಂದ ಏಪ್ರಿಲ್. ಸಮಭಾಜಕದಿಂದ ಸುಮಾರು 5 ಡಿಗ್ರಿಯೊಳಗೆ ಚಂಡಮಾರುತ ಹುಟ್ಟುವುದೇ ಅಪರೂಪ. ಗಾಳಿಗೆ ಸುರುಳಿ ಕೊಡುವ ಭೂಭ್ರಮಣದ ಬಲ ಅಲ್ಲಿ ತೀರಾ ಕಡಿಮೆ. ಅಟ್ಲಾಂಟಿಕ್ ಋತುವಿನಲ್ಲೇ ರಜೆ ಸಿಕ್ಕರೆ ಭೂಪಟದಲ್ಲಿ ಕೆಳಗಿಳಿಯಿರಿ: ಕೆರಿಬಿಯನ್‌ನ ಅರುಬಾ, ಬೊನೇರ್, ಕ್ಯುರಸಾವ್ 12 ಡಿಗ್ರಿ ಉತ್ತರದಲ್ಲಿವೆ, ಅಲ್ಲಿನ ಚಂಡಮಾರುತಗಳ ಸಾಮಾನ್ಯ ದಾರಿಯಿಂದ ದಕ್ಷಿಣಕ್ಕೆ.

ಹಾಗಂತ ಮಳೆಗಾಲ ಅಂದರೆ ಎಂಟೂ ದಿನ ಹಾಳು ಅಂತಲೂ ಅಲ್ಲ. ಮಾಲ್ಡೀವ್ಸ್‌ನ ಬಾ ಅಟಾಲ್‌ನ ಹನಿಫಾರು ಕೊಲ್ಲಿಗೆ ಮಾಂಟಾ ರೇ ಎಂಬ ದೊಡ್ಡ ಚಪ್ಪಟೆ ಮೀನುಗಳು ಹಿಂಡುಗಟ್ಟಿ ಬರುವುದು ನೈಋತ್ಯ ಮಾನ್ಸೂನಿನಲ್ಲೇ. ಮಾನ್ಸೂನಿನ ಪ್ರವಾಹ ತಂದ ಪ್ಲಾಂಕ್ಟನ್ (ನೀರಲ್ಲಿ ತೇಲುವ ಸೂಕ್ಷ್ಮಜೀವಿಗಳು) ಆ ಕೊಲ್ಲಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ತಿನ್ನಲು ಅವು ಬರುತ್ತವೆ. ಅಲ್ಲಿ ಸಿಲಿಂಡರ್ ಕಟ್ಟಿ ಮುಳುಗುವಂತಿಲ್ಲ, ಸ್ನಾರ್ಕೆಲಿಂಗ್ ಮಾತ್ರ, ಅಂದರೆ ಮಾಸ್ಕ್ ತೊಟ್ಟು ಬಾಯಲ್ಲಿ ಉಸಿರುಕೊಳವೆ ಹಿಡಿದು ಮೇಲೇ ತೇಲುತ್ತ ನೋಡುವುದು. ನೀರು ಸ್ವಲ್ಪ ಕದಡಿರುತ್ತದೆ, ಇರಲಿ, ಆ ಕದಡೇ ಅವುಗಳ ಊಟ.

ಮರಳುಗಡಿಯಾರ:

ಬದಿ ನೋಡಬೇಕು ಅನ್ನುವುದು ಹೊಳೆದೇ ಇರಲಿಲ್ಲ, ಥ್ಯಾಂಕ್ಸ್. ಈಜು ಬಾರದವರಿಗೂ ಲಗೂನಿನಲ್ಲಿ ಮೀನು ಕಾಣುತ್ತದೆ ಅಂದಿರಿ, ಅಂದರೆ ಅವರೂ ಸ್ನಾರ್ಕೆಲಿಂಗ್ ಮಾಡಬೇಕು. ನಿಜವಾಗಿ ಸುರಕ್ಷಿತವೇ? ಒಬ್ಬರಿಗೆ ಕನ್ನಡಕ ಬೇರೆ ಇದೆ.

ಉಬ್ಬರಇಳಿತ:

ಮಾಡಬಹುದು, ಕಾಲಿಗೆ ನೆಲ ಸಿಗುವ ಕಡೆ, ಲೈಫ್ ಜಾಕೆಟ್ ತೊಟ್ಟು, ಈಜು ಬಲ್ಲವರೊಬ್ಬರು ಕೈಯಳತೆಯಲ್ಲಿದ್ದರೆ. ಮೂರರಲ್ಲಿ ಒಂದು ತಪ್ಪಿದರೂ ಬೇಡ. ದೋಣಿಯಲ್ಲಿ ಕರೆದೊಯ್ದು ಆಳದಲ್ಲಿ ಇಳಿಸುವ ಟ್ರಿಪ್ ಅವರಿಗಲ್ಲ.

ಹೆದರಿಕೆ ಶುರುವಾಗುವುದು ಹೆಚ್ಚಾಗಿ ಮಾಸ್ಕಿಗೆ ನೀರು ನುಗ್ಗಿದಾಗ. ಆದ್ದರಿಂದ ಮಾಸ್ಕನ್ನು ದಡದಲ್ಲೇ ಪರೀಕ್ಷಿಸಿ. ಪಟ್ಟಿ ಹಾಕದೆ ಮುಖಕ್ಕೊತ್ತಿ ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈಬಿಡಿ. ಬೀಳದೆ ಅಂಟಿಕೊಂಡರೆ ಅಳತೆ ಸರಿ. ಜಾರಿದರೆ ಬೇರೆ ಮಾಸ್ಕ್ ಕೇಳಿ, ಪಟ್ಟಿ ಬಿಗಿ ಮಾಡಿ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಬಿಗಿದಷ್ಟೂ ಸಿಲಿಕಾನ್ ಅಂಚು ಮಡಚಿಕೊಂಡು ಸೋರಿಕೆ ಜಾಸ್ತಿಯೇ ಆಗುತ್ತದೆ. ಅಂಚಿನ ಕೆಳಗೆ ಒಂದು ಎಳೆ ಕೂದಲು ಸಿಕ್ಕಿಕೊಂಡರೂ ನೀರು ಬರುತ್ತದೆ, ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಒತ್ತಿ ಕಟ್ಟಿ. ಪಟ್ಟಿ ಕಿವಿಯ ಮೇಲಿಂದ ತಲೆಯ ಹಿಂದಿನ ಗುಂಡುಭಾಗಕ್ಕೆ ಬರಬೇಕು, ಕುತ್ತಿಗೆಗಲ್ಲ.

ಹೊಸ ಮಾಸ್ಕಾದರೆ ಗಾಜಿನ ಒಳಮೈಗೆ ಕಾರ್ಖಾನೆಯ ತೆಳುಪದರ ಅಂಟಿರುತ್ತದೆ, ಅದೇ ಮಂಜುಗಟ್ಟಲು ಕಾರಣ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಒಂದೆರಡು ನಿಮಿಷ ತಿಕ್ಕಿ ತೊಳೆಯಿರಿ, ಎರಡು ಮೂರು ಸಲ. ಜೆಲ್ ಪೇಸ್ಟ್ ಬೇಡ. ಆಮೇಲೆ ಪ್ರತಿಸಲ ಇಳಿಯುವ ಮುಂಚೆ ನೀರು ಬೆರೆಸಿದ ಬೇಬಿ ಶಾಂಪೂ ಒಂದು ತೊಟ್ಟು ಸವರಿ ಬೇಗ ಅದ್ದಿ ತೆಗೆದರೆ ಸಾಕು.

ಕನ್ನಡಕದ ಮೇಲೆ ಮಾಸ್ಕ್ ಕೂರುವುದಿಲ್ಲ, ಕಡ್ಡಿ ಅಂಚನ್ನು ಎತ್ತಿಬಿಡುತ್ತದೆ. ಪವರ್ ಇರುವ ಗಾಜಿನ ಮಾಸ್ಕ್ ಸಿಗುತ್ತದೆ, ಸಾಮಾನ್ಯವಾಗಿ ಅರ್ಧರ್ಧ ಪವರಿನ ಅಂತರದಲ್ಲಿ. ಸಮೀಪದೃಷ್ಟಿಯವರು ತಮ್ಮ ಪವರಿಗಿಂತ ಸ್ವಲ್ಪ ಕಡಿಮೆಯದನ್ನೇ ತೆಗೆದುಕೊಂಡರೂ ನಡೆಯುತ್ತದೆ, ನೀರೊಳಗೆ ವಸ್ತುಗಳು ಹೇಗೂ ಕಾಲುಭಾಗ ಹತ್ತಿರ ಕಾಣುತ್ತವೆ. ಇಡೀ ಮುಖ ಮುಚ್ಚುವ ಮಾಸ್ಕನ್ನು ಹೊಸಬರಿಗೆಂದೇ ಮಾರುತ್ತಾರೆ. ನನ್ನ ಮಟ್ಟಿಗೆ ಹೊಸಬರಿಗೇ ಅದು ಬೇಡ. ನೀರು ನುಗ್ಗಿದರೆ ಊದಿ ಹೊರಹಾಕಲಾಗದು, ಗಾಬರಿಯಲ್ಲಿ ತಟ್ಟನೆ ಕಳಚುವುದೂ ಕಷ್ಟ.

ಅಭ್ಯಾಸ ಹೀಗೆ. ಸೊಂಟದ ನೀರಲ್ಲಿ ನಿಂತು, ಬಗ್ಗಿ ಮುಖವಷ್ಟೇ ಅದ್ದಿ, ಬಾಯಲ್ಲೇ ಇಪ್ಪತ್ತು ಉಸಿರು ಎಣಿಸಿ. ಉಸಿರು ಬಿಡುವುದು ಎಳೆಯುವುದಕ್ಕಿಂತ ಉದ್ದವಿರಲಿ. ಆಮೇಲೆ ಬೇಕೆಂದೇ ಕೊಳವೆಗೆ ನೀರು ತುಂಬಿಸಿಕೊಂಡು "ಫೂ" ಎಂದು ಒಂದೇ ಸಲಕ್ಕೆ ಊದಿ ಹಾರಿಸಿ. ಇದು ಮೂರು ಸಲ ಆದಮೇಲೆ ಕಾಲೆತ್ತಿ ತೇಲಿ.

ಸಮಯ ಉಬ್ಬರದ ಪಟ್ಟಿ ನೋಡಿ ಗೊತ್ತುಮಾಡಿ. ಬಹುತೇಕ ಕಡೆ ಎರಡು ಉಬ್ಬರದ ನಡುವೆ ಹನ್ನೆರಡೂವರೆ ಗಂಟೆಯಷ್ಟು ಅಂತರ, ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಉಬ್ಬರ ಏರುವಾಗ ಹೊರಗಡಲಿನ ತಿಳಿನೀರು ಒಳಬರುತ್ತದೆ, ಏರಿ ನಿಂತ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನ ಇಳಿತದಲ್ಲಿ ಹವಳ ಹೊಟ್ಟೆಗೆ ತಾಗುವಷ್ಟು ನೀರು ತಗ್ಗಬಹುದು. ಒಂದು ಜಾಗಕ್ಕೆ ಮಾತ್ರ ಹೋಗಲೇಬೇಡಿ: ದಿಬ್ಬ ಒಡೆದು ಕಾಲುವೆಯಾದ ಕಡೆ. ಇಳಿತದಲ್ಲಿ ಇಡೀ ಲಗೂನಿನ ನೀರು ಆ ಬಾಯಿಂದ ಹೊರಗೋಡುತ್ತದೆ. ದಡದಿಂದ ನೋಡಿದರೆ ಅಲೆ ಒಡೆಯದ, ಕಡುಬಣ್ಣದ ಪಟ್ಟೆ. ನೋಡಲು ಅದೇ ಶಾಂತ ಜಾಗ ಅನ್ನಿಸುತ್ತದೆ. ಅಪ್ಪಿತಪ್ಪಿ ಸೆಳೆತಕ್ಕೆ ಸಿಕ್ಕರೆ ಎದುರೀಜಬೇಡಿ, ದಡಕ್ಕೆ ಸಮಾನಾಂತರವಾಗಿ ಸರಿದು ಆಮೇಲೆ ತಿರುಗಿ. ಈಜು ಬಾರದವರು ತೇಲುತ್ತ ಕೈಯೆತ್ತಿ ಕರೆಯಬೇಕು, ಬೇರೆ ದಾರಿಯಿಲ್ಲ.

ಕಾಲಿಗೆ ಗಟ್ಟಿ ಅಟ್ಟೆಯ ನೀರಿನ ಬೂಟು ಬೇಕು. ಕಲ್ಲುಮೀನು ಕಲ್ಲಿನ ಹಾಗೇ ಬಿದ್ದಿರುತ್ತದೆ, ಮುಳ್ಳು ಚುಚ್ಚಿದರೆ ತಡೆಯಲಾರದ ನೋವು. 45 ಡಿಗ್ರಿಯಷ್ಟು ಬಿಸಿನೀರಲ್ಲಿ ಅರ್ಧದಿಂದ ಒಂದೂವರೆ ಗಂಟೆ ಕಾಲಿಟ್ಟು, ಜೊತೆಗೇ ಆಸ್ಪತ್ರೆಗೆ ಹೊರಡಿ. ನೀರಿನ ಬಿಸಿಯನ್ನು ಚುಚ್ಚದ ಕಾಲಿನಲ್ಲಿ ಮೊದಲು ನೋಡಬೇಕು. ನೋವಿನ ಕಾಲಿಗೆ ಸುಡುವುದೇ ತಿಳಿಯುವುದಿಲ್ಲ.

ಬುತ್ತಿಗಂಟು:

ಎಂಟು ದಿನ ಅಂದರೆ ಹೋಗಿಬರುವುದು ಕಳೆದು ಕೈಗೆ ಸಿಗುವುದು ಆರೇ. ಎರಡು ದ್ವೀಪಕ್ಕಿಂತ ಹೆಚ್ಚು ಹಾಕಿಕೊಳ್ಳಬೇಡಿ. ನಕ್ಷೆಯಲ್ಲಿ ಅಂಗುಲದ ದೂರವಿದ್ದರೂ ಪ್ರತಿ ದಾಟುವಿಕೆಗೆ ಅರ್ಧ ದಿನ ಹೋಗುತ್ತದೆ.

ಫ್ಲೈಟ್ ಟಿಕೆಟ್ ತೆಗೆಯುವ ಮುಂಚೆ ಕೊನೆಯ ದೋಣಿಯ ಹೊತ್ತು ನೋಡಿ. ಮಾಲ್ಡೀವ್ಸ್‌ನಲ್ಲಿ ಸೀಪ್ಲೇನ್ (ನೀರಿನ ಮೇಲಿಳಿಯುವ ವಿಮಾನ) ಹಾರುವುದು ಹಗಲಲ್ಲಿ ಮಾತ್ರ. ಸಂಜೆ ಇಳಿಯುವ ಫ್ಲೈಟ್ ಹಿಡಿದರೆ ಮೊದಲ ರಾತ್ರಿ ರಾಜಧಾನಿ ಮಾಲೆಯ ಬಳಿಯೇ ಕಳೆಯಬೇಕು, ದೂರದ ರೆಸಾರ್ಟಿನ ಆ ರಾತ್ರಿಯ ದುಡ್ಡು ನೀರುಪಾಲು. ವಾಪಸಾಗುವಾಗ ಕೊನೆಯ ರಾತ್ರಿಯನ್ನು ಏರ್‌ಪೋರ್ಟ್ ಇರುವ ದ್ವೀಪದಲ್ಲೇ ಇಟ್ಟುಕೊಳ್ಳಿ. ಕಡಲು ಕೆಟ್ಟು ದೋಣಿ ನಿಂತರೆ ಫ್ಲೈಟ್ ಕಾಯುವುದಿಲ್ಲ.

ದೋಣಿ ಬೆಳಗಿನದೇ ಹಿಡಿಯಿರಿ, ಮಧ್ಯಾಹ್ನದ ಮೇಲೆ ಗಾಳಿ ಏಳುವುದು ಹೆಚ್ಚು. ಸ್ಪೀಡ್‌ಬೋಟಿನ ಮೂತಿಯ ಕಡೆ ಕುಳಿತರೆ ಬೆನ್ನು ಮುರಿಯುತ್ತದೆ, ಹಿಂದೆ ಕೂರಿ. ವಾಂತಿಯ ಮಾತ್ರೆ ಹೊರಡುವ ಒಂದು ಗಂಟೆ ಮೊದಲು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿ ಹೆಚ್ಚು ಪ್ರಯೋಜನವಿಲ್ಲ.

ಯಾರಾದರೂ ಸ್ಕೂಬಾ (ಸಿಲಿಂಡರ್ ಕಟ್ಟಿ ಮುಳುಗುವುದು) ಮಾಡುವವರಿದ್ದರೆ ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನವಾದರೆ 18 ಗಂಟೆ ವಿಮಾನ ಹತ್ತಬಾರದು. ರಕ್ತದಲ್ಲಿ ಕರಗಿದ ನೈಟ್ರೋಜನ್ ಮೇಲಿನ ಕಡಿಮೆ ಒತ್ತಡದಲ್ಲಿ ಗುಳ್ಳೆಗಟ್ಟುತ್ತದೆ. ಸ್ನಾರ್ಕೆಲಿಂಗಿಗೆ ಈ ತೊಂದರೆಯಿಲ್ಲ. ಇನ್ಶೂರೆನ್ಸಿನಲ್ಲಿ ಎಷ್ಟು ಮೀಟರ್ ಆಳದವರೆಗೆ ಅಂತ ಒಂದು ಸಾಲಿರುತ್ತದೆ, ಏನಾದರೂ ಆದರೆ ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯೇ ಅಂತ ಇನ್ನೊಂದು. ಎರಡನ್ನೂ ಓದಿ ಸಹಿ ಮಾಡಿ.

ಔಷಧಿಡಬ್ಬಿ:

ಮೇಲಿನವರು ಬಿಸಿಲನ್ನು ಮರೆತರು. ಉಷ್ಣವಲಯದಲ್ಲಿ ನಡುಹಗಲ ಯುವಿ (ಅತಿನೇರಳೆ ಕಿರಣ) ಸೂಚ್ಯಂಕ 11 ದಾಟುವುದು, ಅಂದರೆ ವಿಪರೀತ ಅನ್ನುವ ಮಟ್ಟ ಮುಟ್ಟುವುದು ಮಾಮೂಲು, ತೆಳುಮೋಡ ಅದನ್ನು ತಡೆಯುವುದಿಲ್ಲ. ನೀರು ತಂಪಾಗಿರುವುದರಿಂದ ಸುಡುವುದು ಗೊತ್ತೂ ಆಗುವುದಿಲ್ಲ. ಸ್ನಾರ್ಕೆಲಿಂಗ್ ಮಾಡುವವರಿಗೆ ಸುಡುವ ಜಾಗಗಳು ಖಚಿತ: ಕತ್ತಿನ ಹಿಂಭಾಗ, ಮಂಡಿಯ ಹಿಂದಿನ ಮಡಿಕೆ, ಬೈತಲೆ. ಕಪ್ಪು ಮೈಬಣ್ಣದವರಿಗೂ ಸುಡುತ್ತದೆ.

ಸನ್‌ಸ್ಕ್ರೀನ್ ಲೆಕ್ಕ ಹೀಗಿದೆ. ಬಾಟಲಿಯ ಮೇಲಿನ ಎಸ್‌ಪಿಎಫ್ ಅಂಕೆ ಸಿಗಬೇಕಾದರೆ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಬೇಕು, ಅಂದರೆ ದೊಡ್ಡವರ ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಮಿಲಿಲೀಟರ್. ನೂರರ ಬಾಟಲಿ ಮೂರೇ ಸಲಕ್ಕೆ! ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ನಾಲ್ಕು ಜನಕ್ಕೆ ಆರು ದಿನ ಇದನ್ನು ಹೊರುವವರಾರು? ತುಂಬುತೋಳಿನ ಈಜಂಗಿ, ಕಾಲುಮುಚ್ಚುವ ಲೆಗ್ಗಿಂಗ್ ತೊಟ್ಟರೆ ಮುಖ, ಕತ್ತು, ಕೈಕಾಲ ತುದಿಗಷ್ಟೇ ಸಾಕು. ಎಸ್‌ಪಿಎಫ್ 30 ಸುಡುವ ಕಿರಣದ ಸುಮಾರು 97 ಪ್ರತಿಶತ ತಡೆದರೆ 50 ತಡೆಯುವುದು ಸುಮಾರು 98, ವ್ಯತ್ಯಾಸ ಅಷ್ಟೇ. ಅಂಕೆಗಿಂತ ಪ್ರಮಾಣ ಮುಖ್ಯ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕ ಇರುವುದನ್ನು ಬಿಡಿ. ಹವಳಕ್ಕೆ ಹಾನಿಯೆಂದು ಪೆಸಿಫಿಕ್‌ನ ದ್ವೀಪದೇಶ ಪಲಾವ್ 2020ರಿಂದ, ಹವಾಯಿ 2021ರಿಂದ ಅವುಗಳ ಮಾರಾಟ ನಿಲ್ಲಿಸಿವೆ. ಜಿಂಕ್ ಆಕ್ಸೈಡಿನದು ತೆಗೆದುಕೊಳ್ಳಿ, ಮುಖ ಸುಣ್ಣ ಬಳಿದಂತೆ ಕಂಡರೆ ಕಾಣಲಿ.

ಡೆಂಗಿ ಹರಡುವ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ. ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಸೊಳ್ಳೆ ಔಷಧಿ (ಡೀಟ್ 20ರಿಂದ 30 ಪ್ರತಿಶತ, ಇಲ್ಲವೇ ಪಿಕಾರಿಡಿನ್ 20). ಮರಳಿದ ಎರಡು ವಾರದೊಳಗೆ ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ. ರಕ್ತ ಪರೀಕ್ಷೆ ಆಗುವ ತನಕ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಮೀನು ತಿನ್ನುವವರು ಹವಳದ ದಿಬ್ಬದ ದೊಡ್ಡ ಬೇಟೆಮೀನುಗಳಿಂದ, ಅಂದರೆ ಬರಾಕುಡಾ, ಭಾರಿ ಗ್ರೂಪರ್‌ಗಳಿಂದ ದೂರವಿರಿ. ಅವುಗಳ ಮೈಯಲ್ಲಿ ಸೇರಿರಬಹುದಾದ ಸಿಗುವಾಟೆರಾ ವಿಷ ಬೇಯಿಸಿದರೂ ಹೋಗುವುದಿಲ್ಲ, ಫ್ರೀಜ್ ಮಾಡಿದರೂ ಹೋಗುವುದಿಲ್ಲ, ರುಚಿಯಲ್ಲೂ ತಿಳಿಯುವುದಿಲ್ಲ. ಕೆರಿಬಿಯನ್ ಬೀಚಿನಲ್ಲಿ ಪುಟ್ಟ ಹಸಿರು ಸೇಬಿನಂಥ ಹಣ್ಣು ಬಿದ್ದಿದ್ದರೆ ಅದು ಮ್ಯಾಂಚಿನೀಲ್ ಎಂಬ ವಿಷಮರದ್ದಿರಬಹುದು. ಮಳೆ ಬಂತೆಂದು ಆ ಮರದಡಿ ನಿಂತರೆ ತೊಟ್ಟಿಕ್ಕುವ ನೀರಿಗೇ ಚರ್ಮ ಬೊಬ್ಬೆಯೇಳುತ್ತದೆ.

ಹವಳಗಣ್ಣು:

ಒಂದು ಮಾತು ಬಿಟ್ಟುಹೋಗಿತ್ತು. ಸಮುದ್ರ ಬಿಸಿಯಾಗಿ ಜಗತ್ತಿನಾದ್ಯಂತ ಹವಳ ಬಿಳಿಚಿಕೊಳ್ಳುತ್ತಿದೆ. ಇಂಥ ನಾಲ್ಕನೇ ಜಾಗತಿಕ ಘಟನೆಯನ್ನು 2024ರ ಏಪ್ರಿಲ್‌ನಲ್ಲಿ ಘೋಷಿಸಿದರು. ಐದು ವರ್ಷದ ಹಿಂದಿನ ಫೋಟೋ ನಂಬಿ ದುಡ್ಡು ಕಟ್ಟಬೇಡಿ. ಉಳಿಯುವ ಜಾಗದವರಿಗೆ ನೇರವಾಗಿ ಬರೆದು, ಅವರ ಮುಂದಿನ ದಿಬ್ಬದ್ದೇ, ಕಳೆದ ಎರಡು ತಿಂಗಳೊಳಗಿನ ನೀರೊಳಗಿನ ಫೋಟೋ ಕೇಳಿ. ದಡದಿಂದ ದಿಬ್ಬ ಎಷ್ಟು ಮೀಟರ್ ಅಂತಲೂ ಕೇಳಿ. 50 ಮೀಟರ್ ಅಂದರೆ ದಿನಕ್ಕೆ ಮೂರು ಸಲ ಹೋಗಬಹುದು. "ದೋಣಿಯಲ್ಲಿ ಇಪ್ಪತ್ತು ನಿಮಿಷ" ಅಂದರೆ ನಿಮ್ಮ ಈಜು ಬಾರದವರಿಗೆ ಆ ದಿಬ್ಬ ಇದ್ದೂ ಇಲ್ಲದ ಹಾಗೆ. ಕಂದು, ಹಳದಿ, ಆಲಿವ್ ಬಣ್ಣದ ಹವಳ ಆರೋಗ್ಯವಂತ. ಹಾಲುಬಿಳುಪಾದರೆ ನರಳುತ್ತಿದೆ, ಮೇಲೆ ಬೂದುಹಸಿರು ಪಾಚಿ ಹತ್ತಿದ್ದರೆ ಸತ್ತಿದೆ.

ಮರಳುಗಡಿಯಾರ:

ಬೆಟ್ಟವೂ ಲಗೂನೂ ಇರುವ ದ್ವೀಪ, ಗಾಳಿಮರೆಯ ಬದಿ, ದಡದ ಹತ್ತಿರದ ದಿಬ್ಬ. ಇಷ್ಟು ಬರೆದುಕೊಂಡೆ. ಕೊನೆಯ ಪ್ರಶ್ನೆ, ನಗಬೇಡಿ: ಗುಂಪಿನಲ್ಲಿ ಒಬ್ಬರಿಗೆ ದಪ್ಪ ಮೀಸೆ. ಮಾಸ್ಕಿಗಾಗಿ ತೆಗೆಯಲೇಬೇಕಾ?

ಉಬ್ಬರಇಳಿತ:

ಪೂರ್ತಿ ಬೇಡ. ಸಿಲಿಕಾನ್ ಅಂಚು ಕೂರುವುದು ಮೂಗಿನ ಬುಡದ ಕೆಳಗೆ, ಮೀಸೆಯ ಮೇಲಂಚಿನ ಮೇಲೆ. ಅಲ್ಲಿ ಅರ್ಧ ಬೆರಳಗಲ ಬೋಳಿಸಿದರೆ ಸಾಕು, ತುದಿ ತಿರುವಿಕೊಳ್ಳಲು ಬೇಕಾದಷ್ಟು ಉಳಿಯುತ್ತದೆ. ಅದಕ್ಕೂ ಒಪ್ಪದಿದ್ದರೆ ಮೀಸೆಯ ಮೇಲಂಚಿಗೆ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಲಿ, ಪೆಟ್ರೋಲಿಯಂ ಜೆಲ್ಲಿ ಬೇಡ. ಆಗಲೂ ತೊಟ್ಟು ತೊಟ್ಟು ಸೋರಿಯೇ ಸೋರುತ್ತದೆ. ತಲೆ ನೀರಿನಿಂದ ಮೇಲೆತ್ತಿ, ಮಾಸ್ಕಿನ ಕೆಳಂಚನ್ನು ಬೆರಳಿನಿಂದ ಸ್ವಲ್ಪ ಬಿಡಿಸಿದರೆ ನೀರು ಇಳಿದುಹೋಗುತ್ತದೆ. ಐದೈದು ನಿಮಿಷಕ್ಕೆ ಹೀಗೆ ಮಾಡಲು ತಯಾರಿದ್ದರೆ ಮೀಸೆ ಇರಲಿ.